ದೂರು: ಮೋಡ ನೋಡುವ ಕಿಟ್ ಕೇಳಿದ್ದೆ, ವಿಮಾನ ನೋಡುವ ಡಬ್ಬಿ ಕಳಿಸಿದ್ದೀರಿ

ಸಾಗರ ತಾಲ್ಲೂಕು
3 ಡಿಸೆಂಬರ್ 2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು (ಅಂಥವರೊಬ್ಬರು ಇದ್ದರೆ)

ವಿಷಯ: ಹವಾಮಾನ ಉಪಗ್ರಹದ ಹೋಮ್ ಕಿಟ್‌ನಲ್ಲಿ ತಪ್ಪು ಎಲ್‌ಎನ್‌ಎ (ಸಿಗ್ನಲ್ ಹಿಗ್ಗಿಸುವ ಡಬ್ಬಿ) ಬಂದಿರುವುದು, ಅದನ್ನು ಬದಲಿಸದೆ ಸತಾಯಿಸುತ್ತಿರುವುದು.

ಮಾನ್ಯರೇ,

ಮೊನ್ನೆ ಸೋಮವಾರ ಬೆಳಿಗ್ಗೆ ನಿಮ್ಮಿಂದ ಒಂದು ಮೆಸೇಜ್ ಬಂತು. ‘ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ. ನಮ್ಮ ಸೇವೆಗೆ 5 ಸ್ಟಾರ್ ಕೊಡಿ.’ ಅದನ್ನು ಓದುವ ತನಕ ಈ ಪತ್ರ ಬರೆಯುವ ಯೋಚನೆ ನನಗೆ ಇರಲಿಲ್ಲ. ಹನ್ನೊಂದು ಸಲ ಫೋನ್ ಮಾಡಿದ್ದೇನೆ, ನಾಲ್ಕು ಮೇಲ್ ಕಳಿಸಿದ್ದೇನೆ. ಎಲ್ಲೂ ದನಿ ಏರಿಸಿಲ್ಲ. ಇಲ್ಲೂ ಏರಿಸಬಾರದು ಅಂತಲೇ ಕೂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಈಗ ಅಡಿಕೆ ತೋಟ. ಎರಡು ಅಲ್ಯೂಮಿನಿಯಂ ಸರಳಿನ ಆಂಟೆನಾ ಕಟ್ಟಿಕೊಂಡು ಅಮೆರಿಕದ ನೋವಾ ಉಪಗ್ರಹಗಳಿಂದ ಮೋಡದ ಚಿತ್ರ ಇಳಿಸಿಕೊಳ್ಳುತ್ತಿದ್ದೆ. ಖರ್ಚು ಅಂತ ಏನೂ ಇರಲಿಲ್ಲ. 2025ರ ಜೂನ್‌ನಲ್ಲಿ ನೋವಾ-18 ನಿಂತಿತು. ಆಗಸ್ಟ್‌ನಲ್ಲಿ ನೋವಾ-19, ಅದರ ಹಿಂದೆಯೇ ನೋವಾ-15. ವಯಸ್ಸಾಗಿತ್ತು, 15 ಅಂತೂ 1998ರಲ್ಲಿ ಹಾರಿದ್ದು. ಹಾಗಾಗಿ ಡಿಶ್ ಹಾಕೋಣ, ಕೊರಿಯಾದ ಹವಾಮಾನ ಉಪಗ್ರಹ ಜಿಕೆ-2ಎ ಹಿಡಿಯೋಣ ಅಂತ ನಿಮ್ಮ ಕಿಟ್ ತರಿಸಿದೆ. ಡಿಶ್, ಎಲ್‌ಎನ್‌ಎ, ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ಡಾಂಗಲ್, ಕೇಬಲ್ ಸೇರಿ 18,900 ರೂಪಾಯಿ. ಅಳವಡಿಸಲು ಬೇರೆ 1,500.

ಅಕ್ಟೋಬರ್ 9ಕ್ಕೆ ಪೆಟ್ಟಿಗೆ ಬಂತು. ಬೆಂಕಿಪೊಟ್ಟಣದಷ್ಟಿರುವ ಆ ಎಲ್‌ಎನ್‌ಎ ಡಬ್ಬಿಯ ಮೇಲೆ ‘1090’ ಅಂತ ಮುದ್ರಿಸಿತ್ತು. ನನಗೆ ಬೇಕಾಗಿದ್ದು 1692 ಮೆಗಾಹರ್ಟ್ಸ್. ನಿಮ್ಮ ಜಾಹೀರಾತಿನಲ್ಲೂ ಅದೇ ಇದೆ. ಈ ಡಬ್ಬಿಯೊಳಗೆ ಸಿಗ್ನಲ್ ಹಿಗ್ಗಿಸುವುದರ ಜೊತೆಗೆ ಒಂದು ಫಿಲ್ಟರ್ ಇರುತ್ತೆ. ತನ್ನ ಫ್ರೀಕ್ವೆನ್ಸಿಯನ್ನು ಮಾತ್ರ ಒಳಗೆ ಬಿಟ್ಟು ಮಿಕ್ಕಿದ್ದನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. 1090 ಅಂದರೆ ವಿಮಾನಗಳು ‘ನಾನು ಇಲ್ಲಿದ್ದೇನೆ’ ಅಂತ ಕೂಗುವ ಫ್ರೀಕ್ವೆನ್ಸಿ. ಇದನ್ನೆಲ್ಲ ಮಾರುವ ನಿಮಗೆ ನಾನು ಹೇಳಿಕೊಡಬೇಕಾ?

ಮೂರನೇ ದಿನವೇ ಫೋನ್ ಮಾಡಿದೆ. ‘ಟೆಕ್ನಿಶಿಯನ್ ಬಂದು ನೋಡ್ತಾರೆ, ಅಲ್ಲಿ ತನಕ ಕಾಯಿರಿ’ ಅಂದಿರಿ. ಟೆಕ್ನಿಶಿಯನ್ ಬಂದಿದ್ದು 18ಕ್ಕೆ. ಬಂದವನು ಪಾಪದ ಹುಡುಗ. ಟಿವಿ ಡಿಶ್ ಹಾಕುವವನನ್ನೇ ಕಳಿಸಿದ್ದಿರಿ. ಪಕ್ಕದ ಮನೆಯ ಡಿಶ್ ಯಾವ ಕಡೆ ನೋಡುತ್ತಿದೆಯೋ ಅದೇ ಕಡೆಗೆ ನಮ್ಮದನ್ನೂ ತಿರುಗಿಸಿ, ಟಿವಿ ಎಲ್ಲಿದೆ ಅಂತ ಕೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಊಟ ಹಾಕಿ ಕಳಿಸಿದೆವು.

ಅವನು ಹೋದ ಮೇಲೆ ನಾನೇ ಕೂತೆ. ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೊಂದು ಕಲ್ಲು ಇಳಿಬಿಟ್ಟು ಅಳೆದೆ. ನಮ್ಮ ಅಂಗಳದಿಂದ ಜಿಕೆ-2ಎ ಕಾಣುವುದು ಪೂರ್ವದಿಂದ ಹತ್ತು ಡಿಗ್ರಿ ದಕ್ಷಿಣಕ್ಕೆ, ನೆಲದಿಂದ ಸುಮಾರು 28 ಡಿಗ್ರಿ ಎತ್ತರದಲ್ಲಿ. ಅಡಿಕೆ ಮರಗಳ ತಲೆ ಅಡ್ಡ ಬರುತ್ತೆ ಅಂತ ಡಿಶ್ಶನ್ನು ಚಪ್ಪರದ ಮೂಲೆಗೆ ಏರಿಸಿದೆ. ಈ ಉಪಗ್ರಹ 2018ರಲ್ಲಿ ನಮ್ಮ ಜಿಸ್ಯಾಟ್-11 ಜೊತೆಗೆ ಒಂದೇ ರಾಕೆಟ್‌ನಲ್ಲಿ ಹೋದದ್ದು. ಅದಕ್ಕೂ ನಿಮಗೂ ಸಂಬಂಧವಿಲ್ಲ ಬಿಡಿ, ಮೇಷ್ಟ್ರ ಚಟ. ಹತ್ತು ನಿಮಿಷಕ್ಕೊಂದು ಚಿತ್ರ ಕಳಿಸುತ್ತೆ, ಬಂಗಾಳ ಕೊಲ್ಲಿ ಪೂರ್ತಿ ಕಾಣುತ್ತೆ. ಕಂಪ್ಯೂಟರ್ ಪರದೆಯಲ್ಲಿ ನನಗೆ ಕಂಡಿದ್ದು ಖಾಲಿ ಗೆರೆ. ಡಿಶ್ಶನ್ನು ಒಂದೊಂದೇ ಬೆರಳಿನಷ್ಟು ಸರಿಸಿದೆ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಫೀಡ್ ತಿರುಗಿಸಿದೆ. ಎಷ್ಟು ಸಂಜೆ ಹೋಯಿತೋ ಲೆಕ್ಕ ಇಟ್ಟಿಲ್ಲ.

ಅಕ್ಟೋಬರ್ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ಮೊಂಥಾ ಚಂಡಮಾರುತ ಎದ್ದು ಆಂಧ್ರದ ಕರಾವಳಿಗೆ ಹೊಡೆಯಿತಲ್ಲ, ಆ ರಾತ್ರಿ ಬೇಸರಕ್ಕೆ ಡಿಶ್ ಕಳಚಿಟ್ಟು ನಿಮ್ಮ ಎಲ್‌ಎನ್‌ಎಗೆ ಏಳು ಸೆಂಟಿಮೀಟರ್ ತಂತಿ ಸಿಕ್ಕಿಸಿ 1090ಕ್ಕೆ ಇಟ್ಟೆ. ಅಬ್ಬಾ! ವಿಮಾನಗಳ ಸಾಲೇ ಬಂತು. ಹೆಸರು, ವೇಗ, 37,000 ಅಡಿ ಎತ್ತರ, ಎಲ್ಲ ಚೊಕ್ಕವಾಗಿ. ನಮ್ಮ ತೋಟದ ಮೇಲೆ ಯಾವ ವಿಮಾನ ಹೋಗುತ್ತಿದೆ ಅಂತ ಈಗ ಹೇಳಬಲ್ಲೆ. ಮಳೆ ಬರುತ್ತಾ ಅಂತ ಮಾತ್ರ ಕೇಳಬೇಡಿ. ಅದೇ ವಾರ ಬೇಯಿಸಿ ಹರವಿದ್ದ ಅಡಿಕೆ ಎರಡು ಸಲ ನೆನೆದು ಬೂಸ್ಟು ಹಿಡಿಯಿತು. ಆ ಮಳೆ ನೀವು ತರಿಸಿದ್ದು ಅಂತ ನಾನು ಹೇಳುತ್ತಿಲ್ಲ.

ಈಗ ನವೆಂಬರ್ 6ರ ಫೋನ್ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ. ಜಗಲಿಯ ಮೂರನೇ ಕಂಬದ ಮೊಳೆಗೆ ಕೈಚೀಲದಲ್ಲಿ ಫೋನ್ ನೇತುಹಾಕಬೇಕು, ಸ್ಪೀಕರ್ ಹಾಕಿ ಮಾತಾಡಬೇಕು. ಅವತ್ತು ಜಗಲಿಯಲ್ಲಿ ಆರು ಜನ ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಕಾಫಿ ಕುಡಿಯುತ್ತಿದ್ದ. ಅವನು ನನ್ನ ಹಳೇ ಶಿಷ್ಯ. ಇಪ್ಪತ್ತು ನಿಮಿಷ ನಿಮ್ಮ ಸಂಗೀತ ಎಲ್ಲರೂ ಕೇಳಿದೆವು. ಆಮೇಲೆ ನಿಮ್ಮವರು ಬಂದರು.

‘ಯಾವ ಚಾನೆಲ್ ಬರ್ತಿಲ್ಲ ಸರ್?’

‘ಚಾನೆಲ್ ಅಲ್ಲಮ್ಮಾ. ಇದು ಹವಾಮಾನ ಉಪಗ್ರಹದ ಡಿಶ್.’

‘ಸರಿ ಸರ್. ಲಾಸ್ಟ್ ರಿಚಾರ್ಜ್ ಯಾವಾಗ ಮಾಡ್ಸಿದ್ರಿ?’

ಯಾರೋ ಕಿಸಕ್ಕನೆ ನಕ್ಕರು. ನಾನು ಮೊದಲಿಂದ ಹೇಳಿದೆ. ಎಲ್‌ಎನ್‌ಎ ತಪ್ಪು ಬಂದಿದೆ, 1090 ಇದೆ, 1692 ಬೇಕು. ಅವರು ಟೈಪ್ ಮಾಡುವ ಸದ್ದು ಕೇಳುತ್ತಿತ್ತು.

‘ಸರ್, ಸಾವಿರದ ತೊಂಬತ್ತು ಅಂದ್ರೆ ರೇಟಾ?’

‘ಅಲ್ಲಮ್ಮಾ, ಫ್ರೀಕ್ವೆನ್ಸಿ.’

‘ವೆದರ್ ಬೇಕಂದ್ರೆ ಮೊಬೈಲಲ್ಲೇ ಬರುತ್ತಲ್ವಾ ಸರ್?’

ಮಳೆ ಶುರುವಾದರೆ ನಮ್ಮಲ್ಲಿ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ಟವರ್ ಹೋಗುತ್ತೆ, ನಮ್ಮ ದೇಶದ ಇನ್ಸ್ಯಾಟ್ ಉಪಗ್ರಹದ ಚಿತ್ರವನ್ನೂ ನೆಟ್ ಇಲ್ಲದೆ ನೋಡಲಾಗದು, ಅದಕ್ಕೇ ಇದು ಬೇಕಾಗಿರೋದು ಅಂತ ಬಿಡಿಸಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು ಕೇಳಿದರು:

‘ಸರ್, ಬೇಜಾರು ಮಾಡ್ಕೋಬೇಡಿ. ಮನೇಲಿ ಓದಿದವರು ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡ್ತೀರಾ?’

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದು ನಿಂತೇ ಹೋಯಿತು. ಕೊನೆಗಾರ ಲೋಟದೊಳಗೇ ಮುಖ ಇಟ್ಟುಕೊಂಡ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ ಸ್ವಾಮಿ. ಅಲೆಯ ಉದ್ದಕ್ಕೂ ಫ್ರೀಕ್ವೆನ್ಸಿಗೂ ಏನು ಸಂಬಂಧ ಅಂತ ಈ ಕೊನೆಗಾರನಿಗೇ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಕೊನೆಗೆ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಕಂಬದ ಹತ್ತಿರ ಹೋಗಿ ನಾನು ಹೇಳಿದ್ದನ್ನೇ ಹೇಳಿದಳು. ಅವಳಿಗೆ ಸಿಕ್ಕ ಉತ್ತರ: ‘ಪ್ಯಾಕ್ ಬಿಚ್ಚಿದ್ದೀರಿ, ಹತ್ತು ದಿನ ಬೇರೆ ಮುಗಿದಿದೆ. ವಾಪಸ್ ಆಗಲ್ಲ ಮೇಡಂ.’ ಅವಳು ಮೇಡಂ ಆದಳು!

ನಿಮ್ಮ ಬಿಲ್ಲಿನ ಹಿಂಬದಿಯ 7ನೇ ಕಲಂ ನೀವೇ ಬರೆದದ್ದು. ತಪ್ಪು ವಸ್ತು ಬಂದರೆ ಏನು ಮಾಡಬೇಕು, ಪ್ಯಾಕ್ ಬಿಚ್ಚಿದ್ದರೆ ಏನು, ಹತ್ತು ದಿನ ಯಾವಾಗಿನಿಂದ ಎಣಿಸಬೇಕು ಅಂತ ಅದರಲ್ಲಿದೆ. ಅಕ್ಷರ ಸಣ್ಣದು, ಭೂತಗನ್ನಡಿ ಬೇಕಿದ್ದರೆ ಕಳಿಸುತ್ತೇನೆ. ‘ಕಾಯಿರಿ’ ಅಂತ ಕಾಯಿಸಿ ದಿನ ಕಳೆದವರು ನೀವು.

ಇನ್ನೊಂದು ಮಾತು. ನವೆಂಬರ್ ಕೊನೆಗೆ ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬ ತನ್ನ ಹತ್ತಿರವಿದ್ದ ಸರಿಯಾದ ಎಲ್‌ಎನ್‌ಎ ಕೊಟ್ಟು ಹೋದ. ಅದೇ ಡಿಶ್, ಅದೇ ಕೇಬಲ್, ಅದೇ ಡಾಂಗಲ್. ಇಪ್ಪತ್ತು ನಿಮಿಷದಲ್ಲಿ 1692ರ ಹತ್ತಿರ ಗೆರೆ ಗುಡ್ಡದ ಹಾಗೆ ಎದ್ದಿತು. ಭೂಮಿಯ ಚಿತ್ರ ಸಾಲುಸಾಲಾಗಿ ಇಳಿಯಿತು, ಎಡ ಅಂಚಿನಲ್ಲಿ ನಮ್ಮ ಕರಾವಳಿ. ನನ್ನ ಕೈಯಲ್ಲಾಗಲಿ ಕೋನಮಾಪಕದಲ್ಲಾಗಲಿ ತಪ್ಪಿರಲಿಲ್ಲ.

ಆದ್ದರಿಂದ ಎಲ್‌ಎನ್‌ಎ ಬೆಲೆ ಮತ್ತು ಅಳವಡಿಸುವ 1,500 ರೂಪಾಯಿ ವಾಪಸ್ ಬರಬೇಕು. ಹದಿನೈದು ದಿನ ಕೊಟ್ಟಿದ್ದೇನೆ. ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಎರಡೂ ಎಂದೋ ದಾಟಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇವತ್ತೇ ದೂರು ಕೊಡುತ್ತಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದೊಳಗಿನ ಕೇಸಿಗೆ ಶುಲ್ಕವೂ ಇಲ್ಲ, ನಾನು ಇರುವ ಜಿಲ್ಲೆಯಲ್ಲೇ ಹಾಕಬಹುದು. ನಿಮ್ಮವರು ಈ ಆಯೋಗದ ಮುಂದೆಯೇ ಉತ್ತರ ಕೊಡಬೇಕಾಗುತ್ತೆ.

ನಿಜ ಹೇಳಬೇಕೆಂದರೆ ಈಗ ನನಗೆ ಹಣಕ್ಕಿಂತ ಅದರಲ್ಲೇ ಆಸಕ್ತಿ ಜಾಸ್ತಿ. ನಿವೃತ್ತ ಮನುಷ್ಯ, ಟೈಮಿಗೆ ಬರವಿಲ್ಲ. ನನ್ನ ಶಿಷ್ಯರಲ್ಲಿ ಮೂವರು ಶಿವಮೊಗ್ಗದಲ್ಲೇ ವಕೀಲರು. ಪ್ರತಿ ಸಲ ಫೋನ್ ಮಾಡಿದಾಗಲೂ ‘ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ’ ಅಂತ ನೀವೇ ಹೇಳುತ್ತೀರಲ್ಲ, ನವೆಂಬರ್ 6ರದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಆಯೋಗದ ಮುಂದೆ ಅದನ್ನು ಪೂರ್ತಿ ಹಾಕಿಸುತ್ತೇನೆ, ಇಪ್ಪತ್ತು ನಿಮಿಷದ ಸಂಗೀತವೂ ಸೇರಿ.

ಇಂತಿ,
ಮನೆಯಲ್ಲಿರುವ ಓದಿದವರು

ತಾ.ಕ.: ನಿಮ್ಮ ಡಬ್ಬಿ ಜಗಲಿಯ ಮೂರನೇ ಕಂಬದ ಹತ್ತಿರ ಕಟ್ಟಿಟ್ಟಿದೆ. ತೆಗೆದುಕೊಂಡು ಹೋಗಲು ಬರುವವರು ಬೆಳಿಗ್ಗೆ ಹೊತ್ತು ಬರಲಿ, ಸುಲಿಯುವ ಹೆಂಗಸರು ಅವರನ್ನು ನೋಡಬೇಕು ಅಂತ ಕಾಯುತ್ತಿದ್ದಾರೆ.