ನಿಮ್ಮಪ್ಪ ನನ್ನನ್ನೊಂದು ಮಾತು ಕೇಳಿದರು

ಹದಿನಾಲ್ಕನೇ ರೂಮಿನ ಗೆಳೆಯಾ,

ನಿಮ್ಮ ಹೊಲಕ್ಕೆ ಹೋಗಿ ಬಂದೆ. ಮೊನ್ನೆ ಫೋನಿನಲ್ಲಿ ‘ಎಲ್ಲ ಚೆನ್ನಾಗಿದಾರೆ, ಬೆಳೆನೂ ಪರವಾಗಿಲ್ಲ’ ಅಂತ ಎರಡೇ ನಿಮಿಷದಲ್ಲಿ ಮುಗಿಸಿದೆನಲ್ಲ, ಅದು ಪೂರ್ತಿ ಅಲ್ಲ. ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನಗೊಬ್ಬನಿಗೇ ಬರೆದರೆ ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ ಅಂತ ನನಗೆ ಗೊತ್ತು. ನಮ್ಮ ಹಾಸ್ಟೆಲ್‌ನವರೂ ಓದಲಿ. ಅವರಿಗೂ ನಾನು ಹೇಳಬೇಕಾದ್ದು ಒಂದಿದೆ. ನಿಮ್ಮಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಬರ್ಕೊಳಪ್ಪ, ಊರ ಹೆಸ್ರು ಮಾತ್ರ ಹಾಕಬ್ಯಾಡ’ ಅಂದರು. ಚಳ್ಳಕೆರೆ ತಾಲ್ಲೂಕು ಅಂತ ಇರಲಿ, ಅಷ್ಟು ಸಾಕು.

ಆಯುಧಪೂಜೆ ಮುಗಿದ ಮೇಲೆ ಹೋಗಿದ್ದು. ದಾವಣಗೆರೆಯಲ್ಲಿ ಬೆಳಗ್ಗೆ ಆರಕ್ಕೆ ಬಸ್ ಹತ್ತಿದೆ. ದುರ್ಗದಲ್ಲಿ ಇಳಿದು ಇನ್ನೊಂದು ಬಸ್, ಚಳ್ಳಕೆರೆಯಲ್ಲಿ ಮತ್ತೊಂದು. ಆ ಮೂರನೇ ಬಸ್ಸು ನಮ್ಮೂರ ಮೇಲೇ ಹೋಗುತ್ತದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ನಿಮ್ಮ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ನಿನಗೆ ಗೊತ್ತಿರುವ ಅದೇ 2 ಎಕರೆ 30 ಗುಂಟೆ, ಅದೇ ಕೆಂಪು ಮಣ್ಣು. ಎಂಟು ಸಾಲು ಶೇಂಗಾ ಆದಮೇಲೆ ಒಂದು ಅಕ್ಕಡಿ ಸಾಲು ತೊಗರಿ. ಶೇಂಗಾ ಕಿತ್ತ ಜಾಗವೆಲ್ಲ ಬೋಳಾಗಿ, ನಡುನಡುವೆ ತೊಗರಿ ಮಾತ್ರ ಹಸಿರಾಗಿ ನಿಂತಿತ್ತು. ನಿಮ್ಮಪ್ಪ ಬದುವಿನ ಮೇಲೆ ಕೂತು ಆಕಾಶ ನೋಡುತ್ತಿದ್ದರು. ಚಿತ್ತೆ ಮಳೆ ಬಂದುಬಿಟ್ಟರೆ ಅಂತ ಅವರಿಗೆ ಭಯ. ಹಾಕಿರುವುದು ಟಿಎಂವಿ-2 ಅನ್ನೋ ಶೇಂಗಾ ತಳಿ. ಬಲಿತ ಕಾಯಿಗೆ ಮಳೆ ನೀರು ತಾಗಿದರೆ ನೆಲದೊಳಗೇ ಮೊಳಕೆ ಒಡೆಯುತ್ತದೆ. ಮಳೆ ಬರದೇ ನೆಲ ಗಟ್ಟಿಯಾದರೆ ಗಿಡ ಮೇಲೆ ಬಂದು ಕಾಯಿ ಒಳಗೇ ಉಳಿಯುತ್ತದೆ. ‘ಬಂದ್ರೂ ಕಷ್ಟ, ಬರ್ದಿದ್ರೂ ಕಷ್ಟ. ಒಂದು ಹನಿ ಉದುರಿ ಹೋದ್ರೆ ಸಾಕು ನೋಡು’ ಅಂದರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅಲ್ಲಿ ಕೂತು ಆ ಮನುಷ್ಯ ಮಳೆಗೆ ಇಷ್ಟೇ ಬಾ ಅಂತ ಅಳತೆ ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ. ನಮ್ಮಪ್ಪನೂ ಹೀಗೇ ಹೇಳುತ್ತಿದ್ದರು.

ನಾನೂ ಎರಡು ಸಾಲು ಕಿತ್ತೆ. ಮುಂದೆ ಕುಂಟೆ ಹೊಡೆದು ಮಣ್ಣು ಸಡಿಲ ಮಾಡಿರುತ್ತಾರಲ್ಲ, ಹಿಂದಿನಿಂದ ಬುಡ ಹಿಡಿದು ಎತ್ತುವುದು, ಮಣ್ಣು ಕೊಡವಿ ಗುಡ್ಡೆ ಹಾಕುವುದು. ಇಪ್ಪತ್ತು ವರ್ಷ ಆದಮೇಲೂ ಕೈಗೆ ಮರೆತಿರಲಿಲ್ಲ. ಬೇರಿನ ಗಂಟು, ಆ ಹಸಿ ವಾಸನೆ, ಉಗುರೊಳಗೆ ಸೇರುವ ಕೆಂಪು ಮಣ್ಣು. ಕಾಯಿ ಬಿಡಿಸುತ್ತಿದ್ದ ಹೆಂಗಸರು ‘ಆಫೀಸಿನ ಅಣ್ಣ ಪರ್ವಾಗಿಲ್ವೇ’ ಅಂದರು. ಖುಷಿಯಾಯಿತು.

ನಿನಗೆ ಗೊತ್ತಿಲ್ಲದ್ದು ಎರಡಿವೆ. ಗೊತ್ತಿದ್ದರೆ ನನಗೆ ಹೇಳಿರುತ್ತಿದ್ದೆ. ಒಂದು, ಎತ್ತು ಮಾರಿ ಎರಡು ವರ್ಷ ಆಯಿತು. ಈಗ ಬಿತ್ತುವುದು ಬಾಡಿಗೆ ಟ್ರಾಕ್ಟರ್‌ನಲ್ಲಿ. ಕುಂಟೆ ಹೊಡೆಯಲು ಪಕ್ಕದವರ ಜೋಡಿ ಬರುತ್ತದೆ. ಕೊಟ್ಟಿಗೆಯಲ್ಲಿ ಒಂದು ಹಸು, ಒಂದು ಕರು, ಅಷ್ಟೇ. ಎರಡನೆಯದು, ನಿಮ್ಮಪ್ಪ ಕಳೆದ ಒಂದು ತಿಂಗಳಿಂದ ಹೊಲದಲ್ಲೇ ಮಲಗುತ್ತಿದ್ದಾರೆ. ಕಾಡುಹಂದಿ ಬಂದರೆ ಒಂದೇ ರಾತ್ರಿಯಲ್ಲಿ ನಾಲ್ಕು ಸಾಲು ಅಗೆದು ಹಾಕುತ್ತವೆ. ಅರವತ್ತೆಂಟು ವರ್ಷದ ಮನುಷ್ಯ, ಕಂಬಳಿ, ಬ್ಯಾಟರಿ, ಒಂದು ಖಾಲಿ ಡಬ್ಬ. ಡಬ್ಬ ಬಡಿಯುತ್ತಾ ರಾತ್ರಿ ಕಳೆಯುವುದು. ನೀನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ‘ಊಟ ಆಯ್ತು, ಮಲಗ್ತಿದೀನಿ’ ಅನ್ನುತ್ತಾರಲ್ಲ, ಅದು ಹೊಲದಿಂದ.

ಮಧ್ಯಾಹ್ನ ನಿಮ್ಮವ್ವ ಬುತ್ತಿ ತಂದರು. ರಾಗಿಮುದ್ದೆ, ಹುರಳಿಸಾರು, ಹಸಿ ಶೇಂಗಾ ಹಾಕಿದ ಚಟ್ನಿ. ಮೆಸ್ಸಿನ ನಾಲ್ಕನೇ ಮುದ್ದೆ ನೆನಪಾಯಿತು. ಇಲ್ಲಿ ಓದುತ್ತಿರುವ ಮೂವರು ಈಗ ನಗುತ್ತಿದ್ದಾರೆ, ನಗಲಿ.

ಸಂಜೆ ನಿಮ್ಮಪ್ಪ ತುಂಬಾ ಮಾತಾಡಿದರು. ನೀರಿನ ಮಾತು ಬಂದರೆ ಅವರನ್ನು ಹಿಡಿಯೋದು ಕಷ್ಟ, ನಿನಗೇ ಗೊತ್ತು. ಮಾರಿಕಣಿವೆ ಡ್ಯಾಂ ಕೋಡಿ ಬಿದ್ದ ಕಥೆ ಹೇಳಿದರು. 1933ರಲ್ಲಿ ಕೋಡಿ ಬಿದ್ದಾಗ ಅವರ ಅಪ್ಪ ನೋಡಿದ್ದರಂತೆ. ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ ಮತ್ತೆ ಬಿತ್ತಲ್ಲ, ಆಗ ಇವರು ಬಸ್ ಹತ್ತಿ ಹಿರಿಯೂರಿಗೆ ಹೋಗಿ ನೋಡಿ ಬಂದರಂತೆ. ‘ನಮ್ಮಪ್ಪ ಕಂಡಿದ್ದ, ನಾನೂ ಕಂಡೆ’ ಅಂದರು. ಆಮೇಲೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಬಂದ ಪೇಪರ್ ತುಂಡನ್ನು ಇನ್ನೂ ಪಂಚಾಂಗದೊಳಗೆ ಮಡಚಿ ಇಟ್ಟಿದ್ದಾರೆ. 2025-26ರ ಸಾಲಿಗೆ ಶೇಂಗಾಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ ಅನ್ನೋದು ಅವರಿಗೆ ಬಾಯಿಪಾಠ. ಆ ಬೆಲೆ ಕೈಗೆ ಬರುತ್ತದಾ ಅಂದರೆ ‘ನೋಡಾಣ’ ಅಂದರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಂದು ಗಿಡ ಎತ್ತಿಕೊಂಡು ಕಾಯಿ ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು. ಹೊಲ ಕೇಳಿಕೊಂಡು ಯಾರೋ ಎರಡು ಸಲ ಬಂದಿದ್ದರಂತೆ. ಬೆಲೆಯೂ ಚೆನ್ನಾಗಿದೆಯಂತೆ. ನಿನಗೆ ಇನ್ನೂ ಹೇಳಿಲ್ಲ. ಹೇಳಿದರೆ ನೀನು ‘ನಿಮ್ಮಿಷ್ಟ ಅಪ್ಪ’ ಅಂತೀಯ ಅಂತ ಅವರಿಗೆ ಗೊತ್ತು.

ಆಮೇಲೆ ಕೇಳಿದರು. ‘ನಿಮ್ಮಪ್ಪ ಹೊಲ ಕೊಟ್ಟ ಮ್ಯಾಲೆ ಹೆಂಗಿದ್ರು?’

ಗೆಳೆಯಾ, ಇಲ್ಲಿಗೆ ನಿನಗೊಂದು ವಿಷಯ ಹೇಳಲೇಬೇಕು. ನಮ್ಮ ಹೊಲ ಗುತ್ತಿಗೆಗೆ ಕೊಟ್ಟಿದೀವಿ ಅಂತ ರೂಮಿನಲ್ಲಿ ನಾನು ಹೇಳಿದ್ದು ಸುಳ್ಳು. ನಾಲ್ಕು ವರ್ಷವೂ ಅದನ್ನೇ ಹೇಳಿದೆ. ಆಮೇಲೂ ಯಾವತ್ತೂ ತಿದ್ದಲಿಲ್ಲ. ಹೊಲ ಮಾರಿದ್ದು 2004ರಲ್ಲಿ. 3 ಎಕರೆ 10 ಗುಂಟೆ, ಅಷ್ಟೂ. ನನ್ನ ಕಾಲೇಜಿನ ಫೀಸಿಗೆ, ಹಾಸ್ಟೆಲ್‌ಗೆ, ಅದಕ್ಕೂ ಮುಂಚೆ ಮಾಡಿದ್ದ ಸಾಲಕ್ಕೆ. 2001ರಿಂದ ಮೂರು ವರ್ಷ ಸತತ ಬರ ಇತ್ತಲ್ಲ, ಬಿತ್ತಿದ ಬೀಜವೂ ವಾಪಸ್ ಬಂದಿರಲಿಲ್ಲ. ನಿಮ್ಮಪ್ಪನಿಗೆ ಇದೆಲ್ಲ ಮೊದಲಿಂದಲೂ ಗೊತ್ತಿತ್ತು. ಪಕ್ಕದ ಊರು, ಗೊತ್ತಿರದೆ ಇರುತ್ತದಾ? ನಾನು ಸುಳ್ಳು ಹೇಳಿದ್ದೂ ಅವರಿಗೆ ಗೊತ್ತಿತ್ತು ಅನಿಸುತ್ತದೆ. ಇಷ್ಟು ವರ್ಷ ನಿನಗೆ ಒಂದು ಮಾತೂ ಹೇಳಿಲ್ಲ, ನೋಡು.

ಅವರು ಕೇಳಿದ್ದಕ್ಕೆ ನಾನು ‘ಚೆನ್ನಾಗಿದ್ರು ಅಪ್ಪಾಜಿ’ ಅಂದೆ. ಅವರು ‘ಹೂಂ’ ಅಂದು ಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪ ಹೇಗಿದ್ದರು ಅಂತ ನಿಜವಾಗಲೂ ನಾನು ನೋಡಿದ್ದೆನಾ? ಹೊಲ ಮಾರಿದ ಮೇಲೆ ಮನೆಯವರೆಲ್ಲ ದಾವಣಗೆರೆಗೆ ಬಂದೆವು. ಅಪ್ಪ ಎಪಿಎಂಸಿಯ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ತೂಕ ಬರೆಯುವ ಕೆಲಸಕ್ಕೆ ಸೇರಿದರು. ಸಂಜೆ ಬರುವಾಗ ಜೇಬಿನಲ್ಲಿ ಒಂದು ಹಿಡಿ ಶೇಂಗಾ ಇರುತ್ತಿತ್ತು. ತಿನ್ನುತ್ತಿರಲಿಲ್ಲ. ದೀಪದ ಕೆಳಗೆ ಕೂತು ಒಂದೊಂದೇ ಒಡೆದು, ಯಾವುದು ಜೊಳ್ಳು, ಯಾವುದು ಗಟ್ಟಿ ಅಂತ ಬೇರೆ ಬೇರೆ ಇಡುತ್ತಿದ್ದರು. ಆಮೇಲೆ ತಂಗಿಗೆ ಕೊಡುತ್ತಿದ್ದರು. ಮಳೆ ಬಂದ ರಾತ್ರಿ ಎದ್ದು ಬಾಗಿಲು ತೆಗೆದು ನಿಲ್ಲುತ್ತಿದ್ದರು. ನಮ್ಮದು ಬಾಡಿಗೆ ಮನೆ, ಎದುರಿಗೆ ಗೋಡೆ. ಆ ಗೋಡೆಯ ಮೇಲೆ ಬೀಳುವ ಮಳೆ ನೋಡುತ್ತಾ ‘ಆರಿದ್ರಾ ಚೆನ್ನಾಗಿ ಹಿಡೀತು’ ಅನ್ನುತ್ತಿದ್ದರು. ಹಾಸ್ಟೆಲ್‌ನಿಂದ ಮನೆಗೆ ಬಂದಿದ್ದಾಗ, ಒಳಗೆ ಬಂದು ಮಲಗಿ ಅಂತ ನಾನು ರೇಗುತ್ತಿದ್ದೆ. ಬೆಳಗ್ಗೆ ಇಂಟರ್ನಲ್ಸ್ ಇರುತ್ತಿತ್ತು.

ಇಷ್ಟನ್ನು ಮಾತ್ರ ಬರೆಯಬೇಕು ಅಂದುಕೊಂಡಿದ್ದೆ. ಇನ್ನೂ ಒಂದಿದೆ.

ಹೊಲ ಮಾರೋಣ ಅಂತ ಮೊದಲು ಹೇಳಿದ್ದು ನಮ್ಮಪ್ಪ ಅಲ್ಲ. ನಾನು. ಅವರು ನನ್ನ ಫೀಸಿಗೆ ಬೇರೆ ಕಡೆ ಸಾಲ ಕೇಳುತ್ತಿದ್ದರು. ನನಗೆ ಹದಿನೆಂಟು ವರ್ಷ. ‘ಏನು ಬರುತ್ತೆ ಅದರಲ್ಲಿ, ಮಾರಿಬಿಡಿ’ ಅಂದೆ. ಪ್ರತಿ ವರ್ಷ ರಜೆಯಲ್ಲಿ ಶೇಂಗಾ ಕೀಳುವುದು ತಪ್ಪುತ್ತದೆ ಅನ್ನೋ ಆಸೆಯೂ ಮನಸ್ಸಿನಲ್ಲಿತ್ತು. ರಿಜಿಸ್ಟ್ರೇಷನ್ ಆದ ದಿನ ನಾನೂ ಹೋಗಿದ್ದೆ. ಅಪ್ಪ ಸಹಿ ಹಾಕಿ, ಹೆಬ್ಬೆಟ್ಟೂ ಒತ್ತಿ, ಶಾಯಿ ಒರೆಸಿಕೊಳ್ಳದೆ ಹೊರಗೆ ಬಂದರು. ಹೋಟೆಲ್‌ಗೆ ಕರೆದುಕೊಂಡು ಹೋದರು. ನನಗೆ ದೋಸೆ ಹೇಳಿದರು, ತಮಗೂ ಒಂದು ಹೇಳಿದರು. ತಿನ್ನಲಿಲ್ಲ. ತಟ್ಟೆ ನನ್ನ ಕಡೆ ಸರಿಸಿದರು. ಅದನ್ನೂ ನಾನೇ ತಿಂದೆ. ಅವತ್ತು ನಾನು ತುಂಬಾ ಖುಷಿಯಾಗಿದ್ದೆ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ವರ್ಷಕ್ಕೊಂದು ಸಲ, ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಆ ಸರ್ವೆ ನಂಬರ್ ಹಾಕಿ ಪಹಣಿ ತೆಗೆಯುತ್ತೇನೆ. ಮಾಲೀಕರ ಹೆಸರಿನ 9ನೇ ಕಲಂನಲ್ಲಿ ಬೇರೆಯವರ ಹೆಸರಿರುತ್ತದೆ. ಇರಲೇಬೇಕಲ್ವಾ, ಅವರು ದುಡ್ಡು ಕೊಟ್ಟು ತಗೊಂಡಿದ್ದಾರೆ. ಆದರೂ ನೋಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಇದು ಶುರುವಾಗಿದ್ದು.

ಮಾರನೇ ದಿನ ನಿಮ್ಮಪ್ಪ ತಮ್ಮ ಎಕ್ಸೆಲ್ ಗಾಡಿಯಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಬಂದರು. ಸ್ಟಾಪಿಗೆ ಹೋಗುವ ದಾರಿ ಬಿಟ್ಟು ಇನ್ನೊಂದು ದಾರಿಗೆ ತಿರುಗಿಸಿದರು. ನನಗೆ ಗೊತ್ತಾಯಿತು, ಕೇಳಲಿಲ್ಲ. ನಮ್ಮ ಹಳೇ ಹೊಲದ ಹತ್ತಿರ ಗಾಡಿ ನಿಲ್ಲಿಸಿ ‘ಇಳಿ’ ಅಂದರು. ಬಸ್ಸಿನಲ್ಲಿ ಎಷ್ಟೋ ಸಲ ಅದೇ ರಸ್ತೆಯಲ್ಲಿ ಹೋಗಿದ್ದೇನೆ. ಆ ಸ್ಟಾಪ್ ಬಂದಾಗ ಮೊಬೈಲ್ ನೋಡುತ್ತಾ ಕೂರುತ್ತಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ಇಳಿದಿದ್ದು ಇದೇ ಮೊದಲು.

ಈಗಿನವರು ಬೋರ್ ಹಾಕಿಸಿ ದಾಳಿಂಬೆ ಇಟ್ಟಿದ್ದಾರೆ. ಡ್ರಿಪ್ ಪೈಪು, ಸುತ್ತ ತಂತಿ ಬೇಲಿ, ತುಂಬಾ ಅಚ್ಚುಕಟ್ಟು. ಗಿಡಗಳು ಚೆನ್ನಾಗಿವೆ, ಹೊಟ್ಟೆಕಿಚ್ಚು ಬರಲಿಲ್ಲ. ಮೂಲೆಯ ಬನ್ನಿಮರ ಹಾಗೇ ಇದೆ. ಅವರು ಕಡಿದಿಲ್ಲ. ದಸರೆಗೆ ಪೂಜೆ ಮಾಡಿದ ಅರಿಶಿನ ಕುಂಕುಮ ಕಾಂಡದ ಮೇಲೆ ಇನ್ನೂ ಇತ್ತು. ನಮ್ಮಪ್ಪ ಮಧ್ಯಾಹ್ನ ಅದೇ ಮರದ ಕೆಳಗೆ ಟವೆಲ್ ಹಾಸಿ ಮಲಗುತ್ತಿದ್ದರು. ಬೇಲಿ ದಾಟಲು ಮನಸ್ಸಾಗಲಿಲ್ಲ. ನಿಮ್ಮಪ್ಪ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ನಿಂತರು, ನಾನು ಅತ್ತರೆ ಕಾಣಬಾರದು ಅಂತ ಇರಬೇಕು.

ಅಲ್ಲೂ ಅವರಿಗೆ ನಿಜ ಹೇಳೋಕೆ ಆಗಲಿಲ್ಲ. ಅದಕ್ಕೇ ನಿನ್ನ ಹತ್ತಿರ ಒಂದು ಕೆಲಸ ಇದೆ. ಈ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳು. ನಮ್ಮಪ್ಪ ಹೆಂಗಿದ್ದರು ಅಂದರೆ, ಹೀಗಿದ್ದರು ಅಂತ ಹೇಳು. ಶೇಂಗಾದ ವಿಷಯ, ಗೋಡೆಯ ಮೇಲಿನ ಮಳೆಯ ವಿಷಯ ಬಿಡಬೇಡ. ಹೊಲ ಕೊಡಬೇಕಾ, ಬೇಡವಾ ಅನ್ನೋದನ್ನು ನಾನು ಹೇಳಲ್ಲ. ರಾತ್ರಿಯೆಲ್ಲ ಡಬ್ಬ ಬಡಿಯುವ ಕಷ್ಟ ಅವರದು. ಓದಿಸಿದ ಕಷ್ಟವೂ ಅವರದೇ. ನಾನು ಆ ದುಡ್ಡಿನಲ್ಲೇ ಓದಿದವನು, ಯಾವ ಬಾಯಲ್ಲಿ ಹೇಳಲಿ? ಒಂದೇ ಕೇಳಿಕೊಳ್ಳುತ್ತೇನೆ. ಫೋನಿನಲ್ಲಿ ‘ನಿಮ್ಮಿಷ್ಟ’ ಅನ್ನಬೇಡ. ಬಾ. ಪುಣೆಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ದಾವಣಗೆರೆ. ಬೈಪಾಸಿನಲ್ಲಿ ನಾನು ನಿಂತಿರುತ್ತೇನೆ, ಅಲ್ಲಿಂದ ಇಬ್ಬರೂ ಹೋಗೋಣ. ಎರಡು ದಿನ ಅವರ ಜೊತೆ ಹೊಲದಲ್ಲಿ ಮಲಗೋಣ. ತೊಗರಿ ಇನ್ನೂ ಹೊಲದಲ್ಲಿದೆ, ಈಗಷ್ಟೇ ಹೂ ಶುರುವಾಗಿದೆ.

ಸರಿ, ಜಾಸ್ತಿ ಬರೆದೆ. ಹೆಂಡತಿ ಓದಿದರೆ ಪಹಣಿ ವಿಷಯ ಕೇಳುತ್ತಾಳೆ, ಹೇಳಿಬಿಡುತ್ತೇನೆ.

ನಿಮ್ಮ ಕರು ಬಗ್ಗೆ ಹೇಳೋದೇ ಮರೆತೆ. ಹಣೆಯಲ್ಲಿ ಬಿಳಿ ಚುಕ್ಕೆ ಇದೆ, ಬಹಳ ತುಂಟ. ನನ್ನ ಅಂಗಿಯ ತುದಿ ಅರ್ಧ ಅಗಿದು ಹಾಕಿತು. ಹಳದಿ ಛತ್ರಿ ಇನ್ನೂ ಇದೆ ಕಣೋ! ನಡುಮನೆ ತೊಲೆಗೆ ತಲೆಕೆಳಗಾಗಿ ನೇತು ಹಾಕಿದ್ದಾರೆ, ನಿಮ್ಮವ್ವ ಅದರೊಳಗೆ ಬೀಜಕ್ಕೆ ಇಟ್ಟ ಹೀರೇಕಾಯಿ ತುಂಬಿದ್ದಾರೆ. ಅದರ ಚರಿತ್ರೆ ಗೊತ್ತಿರುವವರು ಯಾರೂ ಬಾಯಿ ಬಿಡಬೇಡಿ, ಅವ್ವ ಸಂತೋಷವಾಗಿರಲಿ.

ಹಸಿ ಶೇಂಗಾ ಒಂದು ಚೀಲ ಕಟ್ಟಿಕೊಟ್ಟಿದ್ದಾರೆ. ಅರ್ಧ ನಿನ್ನ ಹೆಸರಿಗೆ. ಉಪ್ಪು ಹಾಕಿ ಬೇಯಿಸಿ ತಿನ್ನೋಕೆ ಹಸಿ ಇದ್ದಾಗಲೇ ಚೆಂದ, ನಾಲ್ಕು ದಿನ ಇಟ್ಟರೆ ಮುಗ್ಗಲು ಬರುತ್ತದೆ. ಬೇಗ ಬಾ.

ನಿನ್ನ,
ಕಿಟಕಿ ಪಕ್ಕದ ಮಂಚದವನು