ವಾಂತಿ-ಭೇದಿಯ ದಿನಗಳು: ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಮಾನ್ಯ ಪೋಷಕರೇ, ನಮಸ್ಕಾರ.

ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಎಲ್‌ಕೆಜಿಯ ಐದು ಮಕ್ಕಳು ವಾಂತಿ-ಭೇದಿಯಿಂದ ದಿನಗಟ್ಟಲೆ ಬಂದಿಲ್ಲ. ಆದರೆ ನನ್ನ ಕಣ್ಣು ನಿಂತದ್ದು ಮೂರನೇ ತರಗತಿಯ ಹುಡುಗಿಯೊಬ್ಬಳ ಹೆಸರಿನ ಮೇಲೆ. ಆರು ದಿನ ಗೈರು. ಅವಳಿಗೆ ಏನೂ ಆಗಿರಲಿಲ್ಲ. ಒಂಬತ್ತು ತಿಂಗಳ ತಮ್ಮನನ್ನು ಎತ್ತಿಕೊಂಡು ತಾಯಿ ಆಸ್ಪತ್ರೆ ಸೇರಿದ್ದರು, ತಂದೆ ಕಬ್ಬು ಕಡಿಯಲು ಹೋಗಿದ್ದರು, ಕಣ್ಣು ಮಂಜಾದ ಅಜ್ಜಿಗೆ ಅನ್ನ ಬಸಿದುಕೊಡಲು ಈ ಎಂಟು ವರ್ಷದವಳು ಮನೆಯಲ್ಲಿದ್ದಳು.

ಆ ಕೂಸಿನ ಭೇದಿ ಯಾವ ರೋಗಾಣುವಿನದೆಂದು ಪರೀಕ್ಷೆ ಆಗಲಿಲ್ಲ; ಸಾಮಾನ್ಯವಾಗಿ ಆಗುವುದೂ ಇಲ್ಲ. ಆದರೆ ಈ ಚಳಿಗಾಲದಲ್ಲಿ, ಆ ವಯಸ್ಸಿನಲ್ಲಿ, ಮೊದಲು ಅನುಮಾನ ಬರುವುದು ರೋಟಾವೈರಸ್ ಮೇಲೆ. ಲಸಿಕೆ ಬರುವ ಮುಂಚೆ ನಮ್ಮ ದೇಶದಲ್ಲಿ ಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದ ಪ್ರತಿ ಹತ್ತು ಪುಟ್ಟ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದೇ ಕಾರಣವಾಗಿತ್ತು. ವರ್ಷಕ್ಕೆ ಸುಮಾರು 78,000 ಮಕ್ಕಳು ಇದರಿಂದ ತೀರಿಕೊಳ್ಳುತ್ತಿದ್ದರೆಂದು ತಜ್ಞರ ಅಂದಾಜು. ಮನೆಯಲ್ಲಿ ಉಳಿದುಹೋದ ಅಕ್ಕಂದಿರು ಯಾವ ಲೆಕ್ಕದಲ್ಲಿಯೂ ಇಲ್ಲ.

‘ನಮ್ಮ ಮನೆ ಅಷ್ಟು ಗಲೀಜಲ್ಲ ಮೇಡಂ’ ಎಂದು ಒಬ್ಬ ತಾಯಿ ಕಣ್ಣೀರು ಹಾಕಿದರು. ಅವರ ಮನೆ ನಾನು ನೋಡಿದ್ದೇನೆ, ನನ್ನ ಮನೆಗಿಂತ ಚೊಕ್ಕಟವಾಗಿದೆ. ಈ ವೈರಸ್ ಶ್ರೀಮಂತ ದೇಶಗಳ ಮಕ್ಕಳನ್ನೂ ಬಿಟ್ಟಿರಲಿಲ್ಲ. ಭೇದಿಯಾದ ಮಗುವಿನಿಂದ ಕೈಗೆ, ಕೈಯಿಂದ ಆಟಿಕೆಗೆ, ಬಾಗಿಲ ಚಿಲಕಕ್ಕೆ ದಾಟಿ, ಅಲ್ಲಿಂದ ಇನ್ನೊಂದು ಮಗುವಿನ ಬಾಯಿ ಸೇರುತ್ತದೆ. ಸೋಪು ಹಚ್ಚಿ ಕೈ ತೊಳೆಯುವುದು ಬೇಕೇ ಬೇಕು, ಅದೊಂದೇ ಸಾಲದು. ಆದ್ದರಿಂದ ನಾಚಿಕೆ ಬಿಟ್ಟು ನಮಗೆ ತಿಳಿಸಿ. ಹಲ್ಲು ಹುಟ್ಟುವಾಗ ಭೇದಿ ಸಹಜ ಎಂದು ಸುಮ್ಮನಿರಬೇಡಿ. ದೃಷ್ಟಿ ತೆಗೆಯುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಮೊದಲು ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಓಆರ್‌ಎಸ್ ಕಲಸಿಡಿ.

ಅದನ್ನು ಕಲಸುವುದರಲ್ಲೇ ಎಡವಟ್ಟಾಗುತ್ತಿದೆ. ಕಳೆದ ಸಭೆಯಲ್ಲಿ ಕೇಳಿದಾಗ, ಒಂದು ಲೋಟ ನೀರಿಗೆ ಅಂದಾಜಿನ ಮೇಲೆ ಅರ್ಧ ಪೊಟ್ಟಣ ಸುರಿಯುವವರೇ ಹೆಚ್ಚಿದ್ದರು. ಅಷ್ಟು ಗಟ್ಟಿಯಾದರೆ ಭೇದಿ ಹೆಚ್ಚಬಹುದು, ಮೈಯಲ್ಲಿ ಉಪ್ಪು ಏರಬಹುದು. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು ಸರಿಯಾಗಿ ಒಂದು ಲೀಟರ್. ಪೊಟ್ಟಣ ಪೂರ್ತಿ ಸುರಿಯಿರಿ. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿಗಳು ಓಆರ್‌ಎಸ್ ಅಲ್ಲ.

ಎದೆಹಾಲು, ಗಂಜಿ, ರಾಗಿ ಸರಿ ನಿಲ್ಲಿಸಬಾರದು. ಇದನ್ನು ದೊಡ್ಡ ಬಾಯಲ್ಲಿ ಹೇಳುವ ನಾನೇ, ನನ್ನ ಮಗನಿಗೆ ಭೇದಿಯಾದಾಗ ಹಿರಿಯರ ಮಾತು ಕೇಳಿ ಒಂದಿಡೀ ದಿನ ಹಾಲು ಕೊಡದೆ ಕೂತವಳು. ಸಂಜೆಗೆ ಅವನ ಕಣ್ಣು ಗುಳಿಬಿದ್ದಿತ್ತು, ಅತ್ತರೆ ಕಣ್ಣೀರಿರಲಿಲ್ಲ. ಇವು, ಮತ್ತು ಆರು ಗಂಟೆ ಮೂತ್ರ ಆಗದಿರುವುದು, ಮಂಪರು, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮೆಡಿಕಲ್ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಿ ತರಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ. ಸತುವಿನ (ಜಿಂಕ್) ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ ಹದಿನಾಲ್ಕು ದಿನ ಮುಗಿಸಿ.

ಮನೆಯಲ್ಲಿ ಕೈಗೂಸಿದ್ದರೆ ತಾಯಿ ಕಾರ್ಡ್ ಇವತ್ತೇ ತೆಗೆದು ನೋಡಿ. ರೋಟಾವೈರಸ್ ಲಸಿಕೆ ಬಾಯಿಗೆ ಹಾಕುವಂಥದ್ದು, ಸೂಜಿಯಿಲ್ಲ; ಆರು, ಹತ್ತು, ಹದಿನಾಲ್ಕು ವಾರಕ್ಕೆ, ಉಚಿತ. 2016ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ ನಂತರ ದೇಶಕ್ಕೆಲ್ಲ ಹರಡಿತು. ಎಲ್ಲ ಭೇದಿಯನ್ನೂ ಇದು ತಡೆಯುವುದಿಲ್ಲ, ಆಸ್ಪತ್ರೆ ಸೇರಿಸುವಂಥ ರೋಟಾ ಭೇದಿಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ವರ್ಷ ತುಂಬುವುದರೊಳಗೆ ಮೊದಲ ಸಲದ್ದು ಹಾಕಿಸದಿದ್ದರೆ ಆಮೇಲೆ ಹಾಕುವುದಿಲ್ಲ. ತಪ್ಪಿಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಭೇದಿ ನಿಂತು ಎರಡು ದಿನವಾಗುವ ತನಕ ಮಗುವನ್ನು ಶಾಲೆಗೆ ಕಳಿಸಬೇಡಿ. ಹಾಜರಿ ಕಡಿಮೆಯಾಯಿತೆಂದು ನಾನು ಗದರುವುದಿಲ್ಲ. ದೊಡ್ಡ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಲೇಬೇಕಾದರೆ ಅದನ್ನೂ ಹೇಳಿಕಳುಹಿಸಿ. ಆ ಹುಡುಗಿ ಸೋಮವಾರ ಬಂದಿದ್ದಾಳೆ. ಈ ವಾರ ಮಧ್ಯಾಹ್ನದ ಊಟವಾದ ಮೇಲೆ ನನ್ನ ಕೋಣೆಯಲ್ಲಿ ಕೂತು ಬಿಟ್ಟುಹೋದ ಭಾಗಾಕಾರ ಕಲಿಯುತ್ತಿದ್ದಾಳೆ.

ಇಂತಿ,
ಮುಖ್ಯ ಶಿಕ್ಷಕಿ