ನಿನ್ನ ಪ್ರಶ್ನೆಗೆ ಡೆಟ್ರಾಯಿಟ್‌ನಿಂದ ಉತ್ತರ

ಪ್ರೀತಿಯ ಗೆಳೆಯಾ,

"ಅಲ್ಲ ಕಣೋ, ಅಲ್ಲಿನ ಕಪ್ಪು ಜನ ಸಿಟ್ಟು ಬಂದರೆ ತಮ್ಮ ಬೀದಿಗೆ ತಾವೇ ಬೆಂಕಿ ಹಚ್ಚಿಕೊಳ್ತಾರಲ್ಲ, ಅದರಿಂದ ಯಾರಿಗೆ ಏನು ಸಿಕ್ತು?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೀತಿದ್ದೇನೆ. ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದಲ್ಲಿ. ಸುಮಾರು ಇದೇ ಪ್ರಶ್ನೆಯನ್ನು ಇಲ್ಲಿನ ಸರ್ಕಾರವೇ 1967ರಲ್ಲಿ ಕೇಳಿತ್ತು, ಉತ್ತರವೂ ಸಿಕ್ಕಿತ್ತು.

ಆ ವರ್ಷ ಜುಲೈ 23, ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಡೆಟ್ರಾಯಿಟ್‌ನ ಹನ್ನೆರಡನೇ ಬೀದಿಯಲ್ಲಿ, ಒಂದು ಮಹಡಿಯ ಮೇಲೆ ಲೈಸೆನ್ಸ್ ಇಲ್ಲದ ಬಾರ್. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಇಬ್ಬರಿಗಾಗಿ ಅಲ್ಲಿ ಪಾರ್ಟಿ ನಡೆದಿತ್ತು. ಪೊಲೀಸರು ನುಗ್ಗಿದರು. ಒಂದಿಷ್ಟು ಜನ ಸಿಗಬಹುದು ಅಂದುಕೊಂಡಿದ್ದರು, ಸಿಕ್ಕಿದ್ದು 80ಕ್ಕೂ ಜಾಸ್ತಿ. ಎಲ್ಲರನ್ನೂ ಹಿಡಿದರು. ಸಾಗಿಸೋಕೆ ವ್ಯಾನು ಸಾಲದೆ ಬೀದಿಯಲ್ಲೇ ನಿಲ್ಲಿಸಿಕೊಂಡರು. ನಡುಬೇಸಿಗೆ, ಜನ ಹೊರಗೆ ಬಂದು ಸೇರಿದರು. ಮಾತಿಗೆ ಮಾತು ಬೆಳೆಯಿತು. ಎಲ್ಲಿಂದಲೋ ಒಂದು ಬಾಟಲಿ ಹಾರಿ ಬಂತು. ಮುಂದೆ ದಿನಗಟ್ಟಲೆ ಊರು ಉರಿಯಿತು. 43 ಜನ ಸತ್ತರು, ಅವರಲ್ಲಿ 33 ಜನ ಕಪ್ಪು ಜನ. 7,000ಕ್ಕೂ ಹೆಚ್ಚು ಜನ ಜೈಲು ಸೇರಿದರು.

ಬಾಟಲಿ ಎಸೆದವನನ್ನೇ ಕಾರಣ ಅನ್ನೋದು ಸುಲಭ. ಆದರೆ ಆ ಬೀದಿಗೆ ಆ ಜನ ಹೇಗೆ ಬಂದರು ಅಂತ ಮೊದಲು ನೋಡಬೇಕು. ಬ್ಲ್ಯಾಕ್ ಬಾಟಮ್ ಅಂತ ಅವರದೊಂದು ಹಳೇ ಬಡಾವಣೆ ಇತ್ತು. ಅಂಗಡಿ, ಚರ್ಚು, ಸಂಗೀತ ಎಲ್ಲ ಇದ್ದ ಜಾಗ. ಸರ್ಕಾರ ಅದನ್ನು ಕೆಡವಿ ಹೆದ್ದಾರಿ ಮಾಡಿತು. ಬೇರೆ ಕಡೆ ಮನೆ ಕೊಳ್ಳೋಣ ಅಂದರೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಕಪ್ಪು ಜನ ಇರುವ ಪ್ರದೇಶವನ್ನು ಸರ್ಕಾರಿ ನಕ್ಷೆಯಲ್ಲೇ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಅಪಾಯ ಅಂತ ಗುರುತು ಮಾಡಿದ್ದರು.

ಇಲ್ಲಿ ಏಯ್ಟ್ ಮೈಲ್ ಅನ್ನೋ ಹೆಸರಿನ ರಸ್ತೆಯ ಹತ್ತಿರ ಒಂದು ಗೋಡೆ ಇದೆ. ಹೋಗಿ ನೋಡಿ ಬಂದಿದ್ದೇನೆ. ಆರಡಿ ಎತ್ತರ, ಅರ್ಧ ಮೈಲಿ ಉದ್ದ, ಮನೆಗಳ ಹಿತ್ತಲಿನ ನಡುವೆ ನೆಟ್ಟಗೆ ಸಾಗುತ್ತದೆ. 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆ ಮನೆ ಕಟ್ಟಲು ಹೊರಟ. ಕಪ್ಪು ಜನ ಪಕ್ಕದಲ್ಲೇ ಇದ್ದಾರೆ, ಸಾಲಕ್ಕೆ ಖಾತ್ರಿ ಕೊಡಲ್ಲ ಅಂದಿತು ಸರ್ಕಾರ. ಅವನು ನಡುವೆ ಈ ಗೋಡೆ ಎಬ್ಬಿಸಿದ. ಖಾತ್ರಿ ಸಿಕ್ಕಿತು! ಗೋಡೆ ಇನ್ನೂ ಗಟ್ಟಿಯಾಗಿ ನಿಂತಿದೆ. ಪಾರ್ಕಿನ ಪಕ್ಕದ ಭಾಗಕ್ಕೆ ಊರಿನವರು ಬಣ್ಣದ ಚಿತ್ರ ಬರೆದಿದ್ದಾರೆ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲ್ಲ ಅಂದ ರೋಸಾ ಪಾರ್ಕ್ಸ್ ಬಸ್ ಹತ್ತುವ ಚಿತ್ರವೂ ಇದೆ. ಊರು ಬೇರೆ, ಕೇರಿ ಬೇರೆ ಅನ್ನೋದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನು ಪೊಲೀಸರು. ಊರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಕಪ್ಪು ಜನ, ಪೊಲೀಸರಲ್ಲಿ ನೂರಕ್ಕೆ ಸುಮಾರು 95 ಜನ ಬಿಳಿಯರು. ದೊಡ್ಡ ಕಾರಿನಲ್ಲಿ ನಾಲ್ವರು ಸುತ್ತುತ್ತಾ, ದಾರಿಯಲ್ಲಿ ಹೋಗೋ ಹುಡುಗರನ್ನು ನಿಲ್ಲಿಸಿ ಬೈಯೋದು, ಹೊಡೆಯೋದು ಮಾಮೂಲಾಗಿತ್ತು.

ಗಲಭೆ ಶುರುವಾದ ಮೇಲೆ ಸರ್ಕಾರ ಮಾಡಿದ್ದೇನು ಗೊತ್ತಾ? ಮೊದಲ ಒಂದು ದಿನ ರಾಜಕೀಯ. ಇಲ್ಲಿನ ರಾಜ್ಯದ ಗವರ್ನರ್ ಜಾರ್ಜ್ ರಾಮ್ನಿ ರಿಪಬ್ಲಿಕನ್ ಪಕ್ಷದವರು, ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಎದುರಾಳಿ ಆಗಬಹುದಾದವರು. ಸೇನೆ ಬೇಕು ಅಂತ ರಾಮ್ನಿ ಬಾಯಿಬಿಟ್ಟು ಕೇಳಲಿ ಅಂತ ಜಾನ್ಸನ್, ಹೇಗೆ ಕೇಳೋದು ಅಂತ ರಾಮ್ನಿ. ಕೊನೆಗೆ ಸೋಮವಾರ ನಡುರಾತ್ರಿ ಹೊತ್ತಿಗೆ ಜಾನ್ಸನ್ ಟಿವಿಗೆ ಬಂದು ಸೇನೆ ಕಳಿಸಿದ್ದೇನೆ ಅಂದರು. ಅಷ್ಟರಲ್ಲಿ ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಮೀಸಲು ಪಡೆ ಬೀದಿಗಿಳಿದಿತ್ತು. ಹೆಚ್ಚುಕಮ್ಮಿ ಎಲ್ಲರೂ ಬಿಳಿ ಹುಡುಗರು, ಅನುಭವ ಇಲ್ಲ, ಪುಕ್ಕಲು ಬೇರೆ. ಯಾರೋ ಸಿಗರೇಟು ಹಚ್ಚಿದ ಬೆಳಕನ್ನು ಬಂದೂಕಿನ ಕಿಡಿ ಅಂದುಕೊಂಡು ಒಂದು ಮನೆಯ ಮೇಲೆ ಗುಂಡು ಸುರಿಸಿದರು. ಒಳಗಿದ್ದ ನಾಲ್ಕು ವರ್ಷದ ಮಗು ಸತ್ತಿತು. ಅದೇ ಊರಿನ ಪೂರ್ವ ಭಾಗಕ್ಕೆ ಬಂದ ಸೈನ್ಯದ ಪ್ಯಾರಾಟ್ರೂಪರ್‌ಗಳಲ್ಲಿ ಕಪ್ಪು ಜನ ಕೂಡ ಜಾಸ್ತಿ ಇದ್ದರು, ಯುದ್ಧ ಕಂಡವರೂ ಇದ್ದರು. ಬಂದೂಕಿನಿಂದ ಗುಂಡು ತೆಗೆದಿಡಿ ಅಂತ ಅವರ ಜನರಲ್ ಥ್ರಾಕ್‌ಮಾರ್ಟನ್ ಆಜ್ಞೆ ಮಾಡಿದರು. ಆ ಭಾಗ ಬೇಗ ತಣ್ಣಗಾಯಿತು. ಆಮೇಲೆ ನ್ಯಾಷನಲ್ ಗಾರ್ಡ್‌ಗೂ ಅದೇ ಆಜ್ಞೆ ಹೋಯಿತು, ಬಹಳಷ್ಟು ಜನ ಪಾಲಿಸಲಿಲ್ಲ. ಅರ್ಧ ಊರಿಗೊಂದು ಪಾಠ, ಇನ್ನರ್ಧಕ್ಕೆ ಇನ್ನೊಂದು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೆಂಕಿ ಆರುವ ಹೊತ್ತಿಗೆ ಜಾನ್ಸನ್ ಒಂದು ಆಯೋಗ ಮಾಡಿದರು. ಅಧ್ಯಕ್ಷರು ಇಲಿನಾಯ್ ಗವರ್ನರ್ ಓಟೋ ಕರ್ನರ್. ಹನ್ನೊಂದು ಜನ ಸದಸ್ಯರಲ್ಲಿ ಕಪ್ಪು ಜನ ಇಬ್ಬರೇ. ಉಳಿದವರಲ್ಲಿ ಒಬ್ಬರು ಪೊಲೀಸ್ ಮುಖ್ಯಸ್ಥರು, ಒಬ್ಬರು ದೊಡ್ಡ ಕಂಪನಿಯ ಮುಖ್ಯಸ್ಥರು. ಯಾರೂ ಕ್ರಾಂತಿಕಾರಿಗಳಲ್ಲ. ಏನಾಯಿತು, ಯಾಕಾಯಿತು, ಮತ್ತೆ ಆಗದ ಹಾಗೆ ಏನು ಮಾಡಬೇಕು, ಈ ಮೂರು ಪ್ರಶ್ನೆ ಇಟ್ಟುಕೊಂಡು ಇವರು ಊರೂರು ಸುತ್ತಿದರು. ಬಡ ಕಪ್ಪು ಕೇರಿಗಳನ್ನು ಹುಟ್ಟುಹಾಕಿದ್ದು ಬಿಳಿಯರ ಸಂಸ್ಥೆಗಳು, ಉಳಿಸಿಕೊಂಡು ಬಂದದ್ದೂ ಅವೇ, ಬಿಳಿ ಸಮಾಜ ಅದನ್ನು ಒಪ್ಪಿಕೊಂಡು ಕೂತಿದೆ ಅಂತ 1968ರಲ್ಲಿ ಬರೆದುಕೊಟ್ಟರು. ದೇಶ ಕಪ್ಪು, ಬಿಳಿ ಅಂತ ಎರಡು ಸಮಾಜವಾಗುತ್ತಿದೆ ಅಂದರು. 20 ಲಕ್ಷ ಕೆಲಸ ಸೃಷ್ಟಿಸಿ, ಐದು ವರ್ಷದಲ್ಲಿ 60 ಲಕ್ಷ ಮನೆ ಒದಗಿಸಿ ಅಂದರು.

ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಆಯೋಗದ ಮುಂದೆ ಹೇಳಿದ್ದನ್ನೂ ವರದಿಯಲ್ಲಿ ಸೇರಿಸಿದರು. 1919ರ ಷಿಕಾಗೋ ಗಲಭೆಯ ವರದಿ, ನ್ಯೂಯಾರ್ಕಿನ ಹಾರ್ಲೆಮ್‌ನ 1935ರ ಮತ್ತು 1943ರ ಗಲಭೆಗಳ ವರದಿ, ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ 1965ರ ಗಲಭೆಯ ವರದಿ, ಯಾವುದನ್ನು ಓದಿದರೂ ಒಂದೇ ಸಿನಿಮಾ ಮತ್ತೆ ಮತ್ತೆ ಹಾಕಿದ ಹಾಗಿದೆ ಅಂದಿದ್ದರು. ಅದೇ ವಿಶ್ಲೇಷಣೆ, ಅದೇ ಶಿಫಾರಸು, ಏನೂ ಮಾಡದೆ ಕೂರುವುದೂ ಅದೇ.

ಈ ಸಲವೂ ಹಾಗೇ ಆಯಿತು. ಆಯೋಗದ ವರದಿ ಪುಸ್ತಕವಾಗಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು, ಜಾನ್ಸನ್ ಮಾತ್ರ ದೂರವೇ ಉಳಿದರು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ನೂರಕ್ಕೂ ಹೆಚ್ಚು ಊರು ಹೊತ್ತಿಕೊಂಡಾಗ, ಮನೆ ಮಾರುವಾಗ ಬಣ್ಣ ನೋಡಬಾರದು ಅನ್ನುವ ಕಾನೂನು ಒಂದೇ ವಾರದಲ್ಲಿ ಬಂತು. ಅದು ದೊಡ್ಡ ವಿಷಯವೇ. ಆದರೆ ಜೂನ್‌ನಲ್ಲಿ ಬಂದ ಇನ್ನೊಂದು ಕಾನೂನು ಪೊಲೀಸ್ ಇಲಾಖೆಗಳಿಗೆ ಕೇಂದ್ರದ ದುಡ್ಡು ಹರಿಸಿತು. ಕೆಲಸಕ್ಕೆ, ಮನೆಗೆ ಆಯೋಗ ಕೇಳಿದಷ್ಟು ಬರಲೇ ಇಲ್ಲ.

1992ರ ಲಾಸ್ ಏಂಜಲೀಸ್ ಗಲಭೆ ನಿನಗೆ ನೆನಪಿರಬಹುದು. 2020ರಲ್ಲಿ ಮಿನಿಯಾಪೊಲಿಸ್. ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಪೊಲೀಸ್ ಮಂಡಿಯೂರಿ ಕೊಂದದ್ದನ್ನು ಇಡೀ ಜಗತ್ತು ನೋಡಿತು. ಅಲ್ಲಿನ ಪೊಲೀಸರು ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಭೇದ ಮಾಡುತ್ತಾರೆ ಅಂತ ಕೇಂದ್ರದ ನ್ಯಾಯ ಇಲಾಖೆಯೇ 2023ರಲ್ಲಿ ವರದಿ ಕೊಟ್ಟಿತು. ಕೋರ್ಟಿನ ಉಸ್ತುವಾರಿಯಲ್ಲಿ ಸುಧಾರಣೆ ಆಗಲಿ ಅಂತ 2025ರ ಜನವರಿಯಲ್ಲಿ ಒಪ್ಪಂದವಾಯಿತು. ಮೇ ತಿಂಗಳಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ರಾಜ್ಯ ಮಟ್ಟದ ಒಪ್ಪಂದವೊಂದೇ ಆಸರೆ.

ಬೆಂಕಿಯಿಂದ ಒಳ್ಳೆಯದಾಯಿತು ಅಂತ ನಾನು ಹೇಳಲ್ಲ. ಹನ್ನೆರಡನೇ ಬೀದಿಯ ಆ ಅಂಗಡಿ ಸಾಲು ಮತ್ತೆ ಏಳಲೇ ಇಲ್ಲ. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯಿಟ್‌ನಲ್ಲಿ 2020ಕ್ಕೆ ಉಳಿದವರು 6.4 ಲಕ್ಷದ ಹತ್ತಿರ. ಆದರೆ ಉರಿಯುವ ತನಕ ಯಾರೂ ಬಂದು ಕೇಳಲಿಲ್ಲ, ಉರಿದ ಮೇಲೆ ಕೇಳಿದವರೂ ಉತ್ತರ ಸಿಕ್ಕ ಕೂಡಲೇ ಎದ್ದು ಹೋದರು. ನನ್ನ ಸಿಟ್ಟೆಲ್ಲ ಅದರ ಮೇಲೆ.

ಇನ್ನೊಂದು ಮಾತು. ನಮ್ಮವರು ಇಲ್ಲಿಗೆ ಬರಲು ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಪೆಟ್ಟು ತಿಂದು ಗೆದ್ದ ಹಕ್ಕುಗಳ ಗಾಳಿಯಲ್ಲೇ ಅದೂ ಬಂತು. ಬಂದ ನಾವು ಹೆಚ್ಚಿನವರು ಮನೆ ಮಾಡಿದ್ದು ಬಿಳಿಯರು ಡೆಟ್ರಾಯಿಟ್ ಬಿಟ್ಟು ಕಟ್ಟಿಕೊಂಡ ಉಪನಗರಗಳಲ್ಲಿ. ನಮ್ಮ ಕೂಟಗಳಲ್ಲಿ ಊಟ ಮಾಡುತ್ತಾ "ಆ ಕಡೆ ಹೋಗಬೇಡಿ, ಡೇಂಜರ್" ಅಂತ ಯಾರಾದರೂ ಅಂದಾಗ ನಾನು ಸುಮ್ನೆ ಇರಲ್ಲ, ಗೋಡೆಯ ಕತೆ ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಬರುವಾಗ ಕರ್ನರ್ ವರದಿಯ ಪ್ರತಿ ತರುತ್ತೇನೆ. ದಪ್ಪ ಪುಸ್ತಕ, ಮೊದಲ ಸಾರಾಂಶ ಓದಿದರೂ ಸಾಕು. ಓದಿದ ಮೇಲೆ ನನ್ನ ಜೊತೆ ಎಷ್ಟು ಬೇಕಾದರೂ ಜಗಳ ಆಡು. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ
ಗೆಳೆಯ